ಅಜ್ಜಿ ತಿಂದ ಸ್ಟ್ರಾಬೆರಿ ಐಸ್‌ಕ್ರೀಮ್

ತೊಂಬತ್ತರ ದಶಕದಲ್ಲಿ ನಾವು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿದ್ದೆವು. ಪಕ್ಕದ ಮನೆಯ ತಮಿಳು ಆಂಟಿ ಫ್ರಿಜ್ ಕೊಂಡ ವಾರವೇ ಅಮ್ಮ ಶಿವಮೊಗ್ಗಕ್ಕೆ ಹೋಗಿ, ದುರ್ಗಿಗುಡಿಯ ಅಂಗಡಿಯಿಂದ ಸ್ಟ್ರಾಬೆರಿ ಐಸ್‌ಕ್ರೀಮ್ ಪುಡಿಯ ಪೊಟ್ಟಣ ತಂದಳು. ಅದನ್ನು ಬಿಚ್ಚಿದ್ದೇ ತಡ, ಅಡುಗೆಮನೆಯೆಲ್ಲ ಘಮ್ ಅಂತು. ನಾನೂ ತಂಗಿಯೂ ಕುಣಿದಾಡಿಬಿಟ್ಟೆವು.

ಅಮ್ಮ ಹಾಲು ಕಾಯಿಸಿ, ಪುಡಿ ಕದಡಿ, ಆರಿಸಿ, ಸ್ಟೀಲ್ ಡಬ್ಬಿಗೆ ಸುರಿದಳು. ನಾನೇ ಅದನ್ನು ಪಕ್ಕದ ಮನೆಗೆ ಒಯ್ದೆ. ಆಮೇಲೆ ಗಳಿಗೆಗೊಮ್ಮೆ ಹೋಗಿ "ಗಟ್ಟಿ ಆಯ್ತಾ ಆಂಟಿ?" ಅಂತ ಇಬ್ಬರೂ ಪೀಡಿಸಿದೆವು.

"ಹಿಂಗೆ ಬಾಗಿಲು ತೆಗೀತಾ ಇದ್ರೆ ಅದು ಪಾಯಸಾನೇ ಆಗೋದು, ಹೋಗ್ರೇ!" ಅಂತ ಆಂಟಿ ನಗುತ್ತಲೇ ಗದರಿದರು.

ಸಂಜೆ ಡಬ್ಬಿ ಮನೆಗೆ ಬಂತು. ಒಳಗೆ ಗುಲಾಬಿ ಬಣ್ಣದ ಐಸ್‌ಕ್ರೀಮ್! ಹೊರಗಿನ ತಿಂಡಿ ಯಾವುದನ್ನೂ ಮುಟ್ಟದ ಅಜ್ಜಿ ಬಗ್ಗಿ ನೋಡಿದಳು.

"ಇದ್ಯಾವ ಹಣ್ಣಿಂದೇ?"

"ಸ್ಟ್ರಾಬೆರಿ, ಅಜ್ಜಿ."

"ಹೇಗಿರತ್ತೆ ಆ ಹಣ್ಣು?"

ನಾವ್ಯಾರೂ ಅದನ್ನು ಕಂಡೇ ಇರಲಿಲ್ಲ. "ಹಿಂಗೇ ಇರತ್ತೆ, ತಿಂದು ನೋಡು" ಅಂತ ತಂಗಿ ಬಟ್ಟಲು ಮುಂದೆ ಹಿಡಿದಳು.

"ಮನೇಲೇ ಮಾಡಿದ್ದಲ್ವಾ, ಅಡ್ಡಿಯಿಲ್ಲ" ಎನ್ನುತ್ತಾ ಅಜ್ಜಿ ಒಂದು ಚಮಚ ಬಾಯಿಗಿಟ್ಟಳು. ಮರುಕ್ಷಣವೇ "ಅಯ್ಯೋ, ಹಲ್ಲು!" ಅಂತ ಕೂಗಿ ಕೆನ್ನೆ ಹಿಡಿದುಕೊಂಡಳು. ನಾವು ಗಾಬರಿಯಾದೆವು. ಅಷ್ಟರಲ್ಲಿ ಅವಳ ಬಟ್ಟಲು ಅಮ್ಮನ ಮುಂದೆ ಬಂತು.

"ಇನ್ನೊಂಚೂರು ಹಾಕೇ ಮಾರಾಯ್ತಿ. ಈ ಸಲ ಹಲ್ಲಿಲ್ಲದ ಕಡೆ ಇಟ್ಕೋತೀನಿ!"

ಆಂಟಿಯನ್ನೂ ಕರೆದು, ಎಲ್ಲರೂ ಸೇರಿ ಡಬ್ಬಿಯ ತಳ ಕೆರೆದು ತಿಂದೆವು. ಮರುದಿನವೇ ಅಮ್ಮ ಇನ್ನೊಂದು ಪೊಟ್ಟಣಕ್ಕಾಗಿ ಶಿವಮೊಗ್ಗದ ಬಸ್ಸು ಹತ್ತಿದಳು.