ಇಪ್ಪತ್ತು ಕಿಲೋದ ಎರಡು ಕಲ್ಲುಗಳು

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ವ್ಯಾಯಾಮಶಾಲೆಯಲ್ಲಿ ಇಪ್ಪತ್ತು ಕಿಲೋದ ಎರಡು ತೂಕದ ಕಲ್ಲುಗಳಿದ್ದವು. ಕಲ್ಲು ಎನ್ನುತ್ತಿದ್ದೆವು, ನಿಜಕ್ಕೂ ಎರಕದ ಕಬ್ಬಿಣ. ಕಾಳಿನ ಅಂಗಡಿಯ ತಕ್ಕಡಿಗೆ ಹಾಕುವಂಥವು, ಎತ್ತಲು ಮೇಲೊಂದು ಹಿಡಿ. ಒಂದರ ಹಿಡಿಗೆ ಎಂದೋ ಬಳಿದ ಕೆಂಪು ಬಣ್ಣ ಅಲ್ಲಲ್ಲಿ ಉಳಿದಿತ್ತು. ನನ್ನ ಗೆಳೆಯ ಯಾವಾಗಲೂ ಅದನ್ನೇ ಎತ್ತುತ್ತಿದ್ದ.

ನಮಗೆ ಕಲಿಸುತ್ತಿದ್ದ ಮರಾಠಿ ವಸ್ತಾದರು ಉಕ್ಕಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಅಲ್ಲಿಗೆ ಬಂದಿದ್ದ ರಷ್ಯನ್ನರು ಹಿಡಿಯಿರುವ ಕಬ್ಬಿಣದ ಗುಂಡು ಎತ್ತುವುದನ್ನು ನೋಡಿ ಕಲಿತಿದ್ದರು. ನಮಗೆ ಗುಂಡಿನ ಬದಲು ಈ ಕಲ್ಲು. ಹತ್ತು ನಿಮಿಷ ಕೆಳಗಿಡುವಂತಿಲ್ಲ, ಕೈ ಬದಲಿಸುವುದು ಒಂದೇ ಸಲ. ಕಾಲುಗಳ ನಡುವಿನಿಂದ ಬೀಸಿ ತಲೆಯ ಮೇಲೊಯ್ದು, ಮೊಣಕೈ ನೇರವಾಗಿ ನಿಂತರೆ ಒಂದು ಲೆಕ್ಕ. ಸೊಟ್ಟಗಿದ್ದರೆ ಇಲ್ಲ. ಇಂಥದೇ ಸ್ಪರ್ಧೆಯನ್ನು ಎಂಬತ್ತರ ದಶಕದ ಆರಂಭದಲ್ಲಿ ಪಕ್ಕದ ಊರು ಕಲ್ಯಾಣದವರು ದಸರೆಗೆ ಇಟ್ಟುಕೊಂಡಿದ್ದರು. ನಮ್ಮಲ್ಲಿಂದ ಒಬ್ಬನೇ ಹೋಗಬಹುದಿತ್ತು. ನಾನು ಇಲ್ಲವೇ ಅವನು. ಆಯ್ಕೆಯಾಗದಿದ್ದರೆ ಈ ಹುಚ್ಚು ಬಿಟ್ಟು ಬ್ಯಾಂಕ್ ಪರೀಕ್ಷೆಗೆ ಓದಬೇಕೆಂದು ಅಪ್ಪ ಹೇಳಿಯಾಗಿತ್ತು.

ನಾನು ದಿನಚರಿ ಬರೆಯುವವನು. ನನ್ನ ಲೆಕ್ಕದ ಪಕ್ಕದಲ್ಲಿ ಅವನದನ್ನೂ ಬರೆಯುತ್ತಿದ್ದೆ. ಗಣಪತಿ ಹಬ್ಬದವರೆಗೆ ಇಬ್ಬರೂ ನೂರಿಪ್ಪತ್ತರ ಆಸುಪಾಸಿನಲ್ಲಿದ್ದೆವು. ಹಬ್ಬ ಕಳೆದು ಎರಡು ವಾರದಲ್ಲಿ ಅವನು ನೂರಮೂವತ್ತೆರಡಕ್ಕೆ ಹೋದ. ಚಿಕ್ಕಪ್ಪನ ಹೋಟೆಲಿನ ಗಲ್ಲೆಯಲ್ಲಿ ಬೆಳಗಿನಿಂದ ಕೂತು ಬರುವ ಉಡುಪಿಯ ಹುಡುಗನಿಗೆ ಇದ್ದಕ್ಕಿದ್ದಂತೆ ಈ ದಮ್ಮು ಎಲ್ಲಿಂದ ಬಂತು? ಒಂದು ಸಂಜೆ ಅವನು ಬರುವ ಮೊದಲೇ ಹೋಗಿ ಕೆಂಪು ಹಿಡಿಯ ಕಲ್ಲನ್ನು ಮಗುಚಿದೆ. ತೂಕ ಸರಿಪಡಿಸಲು ಇಂಥ ಕಲ್ಲಿನ ತಳದಲ್ಲಿ ಕುಳಿ ಮಾಡಿ ಸೀಸ ತುಂಬಿರುತ್ತಾರೆ. ಕುಳಿ ಖಾಲಿಯಿತ್ತು.

ಅಷ್ಟರಲ್ಲಿ ಅವನೇ ಹಿಂದೆ ನಿಂತಿದ್ದ.

"ಎಂತ ಹುಡುಕ್ತಾ ಇದ್ದಿ ಮಾರಾಯ? ಚಿನ್ನ ಉಂಟಾ ಅದರಲ್ಲಿ?"

"ಸೀಸ ಎಲ್ಲಿ ಹೋತು?"

"ನಂಗೆಂತ ಗೊತ್ತು? ಇಡ್ಲಿಗೆ ಹಾಕಿದೆ ಅಂತ ಮಾಡಿದ್ಯಾ?"

ನನಗೆ ನಗು ಬರಲಿಲ್ಲ. ಅಲ್ಲಿದ್ದ ಮತ್ತಿಬ್ಬರು ನನ್ನನ್ನೇ ದುರುಗುಟ್ಟಿ ನೋಡಿದರು. ಕುಳಿ ತೋರಿಸಿದವನೇ ಸೀಸ ತೆಗೆದಿರಬಹುದು ಎಂದು ಒಬ್ಬ ಗೊಣಗಿದ್ದೂ ಕೇಳಿಸಿತು. ತೂಗಿಯೇ ಬಿಡೋಣ ಎಂದೆ.

ಕಲ್ಲುಗಳನ್ನು ಕೊಟ್ಟವರು ಸ್ಟೇಷನ್ ಹತ್ತಿರ ಕಾಳಿನ ಅಂಗಡಿಯಿಟ್ಟಿದ್ದ ವಿಜಾಪುರದ ಕಾಕಾ. ನಾನೂ ಗೆಳೆಯನೂ ಆಳಿಗೊಂದರಂತೆ ಹೆಗಲ ಮೇಲೆ ಹೊತ್ತು ಹೋದೆವು. ದಾರಿಯುದ್ದಕ್ಕೂ ಅವನು ನನ್ನ ಹಿಂದೆಯೇ ನಡೆದ. ನಾನು ಎರಡು ಸಲ ತಿರುಗಿ ನೋಡಿದೆ.

"ಕಾಕಾ, ಇವೆರಡನ್ನೂ ತೂಗಿ ನೋಡ್ರಿ."

ಕಾಕಾ ಕೈಯಲ್ಲಿದ್ದ ಬೆಲ್ಲದ ಪೆಂಟೆ ಕೆಳಗಿಟ್ಟರು. "ಯಾರು ಕಳಿಸ್ಯಾರ ನಿಮ್ಮನ್ನ?"

"ಯಾರೂ ಇಲ್ರಿ."

"ಸುಳ್ಳ ಹೇಳಬ್ಯಾಡ ತಮ್ಮಾ. ತೂಕದ ಇನ್ಸ್‌ಪೆಕ್ಟರ್ ಹೊರಗ ನಿಂತಾನೇನು?"

"ಹೊರಗೆ ಯಾರೂ ಇಲ್ಲ ಕಾಕಾ," ಎಂದ ಗೆಳೆಯ, ನನ್ನ ಕಡೆ ಗದ್ದ ಎತ್ತಿ. "ಇನ್ಸ್‌ಪೆಕ್ಟರ್ ಒಳಗೇ ಬಂದಿದ್ದಾನೆ."

ಕಾಕಾ ನಗಲಿಲ್ಲ. ಬೀದಿಯ ಎರಡೂ ತುದಿ ನೋಡಿ ಬಂದು, ಶಟರ್ ಅರ್ಧ ಇಳಿಸಿ, ದೊಡ್ಡ ತಕ್ಕಡಿಯಲ್ಲಿ ಸರಕಾರಿ ಮುದ್ರೆಯಿದ್ದ ಅಂಗಡಿಯ ಕಲ್ಲಿಟ್ಟು ತೂಗಿದರು. ನನ್ನ ಕಲ್ಲು ಸರಿಯಾಗಿತ್ತು. ಕೆಂಪು ಹಿಡಿಯದು ಇನ್ನೂರು ಗ್ರಾಂ ಕಡಿಮೆ.

"ಸೀಸ ಬಿದ್ದು ಭಾಳ ವರ್ಷ ಆತು. ಅಂಗಡ್ಯಾಗ ಇಟ್ಟರ ದಂಡ ಹಾಕತಾರ, ಅದಕ್ಕ ನಿಮಗ ಕೊಟ್ಟೆ. ಎತ್ತೋರಿಗೆ ಏನಾಗೂದೈತಿ, ಹಗೂರನ ಆತಲ್ಲ."

ಸೀಸ ಕಿತ್ತವನು ಗೆಳೆಯನಲ್ಲ ಎಂದಾಯಿತು. ಆದರೆ ಹಗುರವೆಂದು ಗೊತ್ತಿದ್ದೇ ಆರಿಸಿದನೇ? ಕೇಳಿದರೆ, "ಹಿಡಿ ಸಪೂರ ಉಂಟು, ಕೈಗೆ ಕೂರ್ತದೆ," ಎಂದ. ಹಿಡಿ ತುಸು ತೆಳುವಾಗಿದ್ದದ್ದು ನಿಜ. ನಾನು ಪೂರ್ತಿ ನಂಬಲಿಲ್ಲ.

ಭಾನುವಾರದ ಆಯ್ಕೆಗೆ ಇಬ್ಬರಿಗೂ ಪೂರ್ತಿ ತೂಕದ ಕಲ್ಲೇ ಎಂದು ವಸ್ತಾದರು ತೀರ್ಪು ಕೊಟ್ಟರು. ಒಬ್ಬ ಎತ್ತುವಾಗ ಇನ್ನೊಬ್ಬ ಗಟ್ಟಿಯಾಗಿ ಎಣಿಸಬೇಕೆಂಬುದು ನಮ್ಮಲ್ಲಿಯ ಪದ್ಧತಿ. ಮೊದಲು ನಾನು. ಅವನು ಎಣಿಸುತ್ತಿದ್ದರೂ ನಾನು ಮನಸ್ಸಿನಲ್ಲೇ ಎಣಿಸಿಕೊಳ್ಳುತ್ತಿದ್ದೆ. ಎಂಬತ್ತು ದಾಟಿದ ಮೇಲೆ ಅವನ ದನಿ ನನ್ನ ಲೆಕ್ಕಕ್ಕಿಂತ ಒಂದು ಹಿಂದೆ ಬಿತ್ತು. ಸಿಟ್ಟಿಗೆ ಉಸಿರಿನ ತಾಳ ತಪ್ಪಿತು, ಬೆರಳು ಸಡಿಲಾದವು, ಆದರೂ ಸೀಟಿಯವರೆಗೆ ಕೆಳಗಿಡಲಿಲ್ಲ. ನನ್ನ ಲೆಕ್ಕಕ್ಕೆ ನೂರಿಪ್ಪತ್ತೇಳು. ಅವನು ಕೂಗಿದ್ದು ನೂರಿಪ್ಪತ್ತಾರು.

ಆಮೇಲೆ ಅವನು. ನಾನು ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಅವನ ಮೊಣಕೈಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಸ್ವಲ್ಪ ಬಾಗಿದ್ದ ಎರಡನ್ನು ಎಣಿಸಲಿಲ್ಲ. ಅವನು ತುಟಿ ಕಚ್ಚಿದ, ಆದರೆ ತಾಳ ತಪ್ಪಲಿಲ್ಲ. ವಸ್ತಾದರು ಸೀಟಿ ಊದಿದಾಗ ನಾನೇ ಕೂಗಬೇಕಾಯಿತು: ನೂರಿಪ್ಪತ್ತೊಂಬತ್ತು.

ಕೈ ತೊಳೆಯುವಲ್ಲಿ ಅವನ ಪಕ್ಕ ನಿಂತೆ. "ಒಂದು ನುಂಗಿದಿ ಅಲ್ಲ, ಎಂಬತ್ತರ ನಂತರ?"

"ಕೈ ಬದಲಿಸಿದ ಮೇಲೆ ಒಂದು ಸೊಟ್ಟ ಇತ್ತು. ನೀ ನನ್ನದು ಎರಡು ಬಿಟ್ಟಿ, ನಾನು ಕೇಳಿದೆನಾ?"

"ಬಾಗಿದ್ದವು, ಬಿಟ್ಟೆ."

"ಮತ್ತೆ? ಕಲ್ಯಾಣದಲ್ಲಿ ಎಣಿಸಲಿಕ್ಕೆ ನಮ್ಮವನೊಬ್ಬ ಬೇಕಂತೆ. ನೀನೇ ಬಾ. ನೀನು ನಂಗೆ ಒಂದೂ ಪುಕ್ಕಟೆ ಕೊಡುದಿಲ್ಲ ಅಂತ ಅಲ್ಲಿಯವರಿಗೆ ಎರಡು ನಿಮಿಷದಲ್ಲಿ ಗೊತ್ತಾಗ್ತದೆ."

ಹೊಗಳಿದನೋ ಚುಚ್ಚಿದನೋ ತಿಳಿಯಲಿಲ್ಲ. ಬರುತ್ತೇನೆ ಎಂದೆ. ಮನೆಗೆ ಹೋಗಿ ಅಪ್ಪನಿಗೆ ಬ್ಯಾಂಕ್ ಪರೀಕ್ಷೆಯ ಪುಸ್ತಕ ತರಿಸಲು ಹೇಳಿದೆ, ದಸರೆ ಮುಗಿದ ಮೇಲೆ ಓದುತ್ತೇನೆಂದೆ. ದಿನಚರಿಯಲ್ಲಿ ನನ್ನ ಹೆಸರಿನ ಮುಂದೆ ನೂರಿಪ್ಪತ್ತಾರು, ನೂರಿಪ್ಪತ್ತೇಳು ಎರಡೂ ಅಂಕಿಗಳನ್ನು ಬರೆದೆ. ಅವನದು ಒಂದೇ.