ವೈನಿಗೆ ಸಿಗದ ಪುರಸೊತ್ತು

ಹೋದ ವಾರ ನಮ್ಮ ಮಿಯಾಪುರದ ಅಪಾರ್ಟ್‌ಮೆಂಟಿನ ಕೆಳಗೆ ಒಬ್ಬ ಪಿಂಜಾರ ಬಂದಿದ್ದ. ಈಗ ಅರಳೆ ಹಿಂಜುವ ಆ ಬಿಲ್ಲೂ ಇಲ್ಲ, ಅದರ ನಾದವೂ ಇಲ್ಲ. ಟೆಂಪೋದ ಹಿಂದೆ ಕೂರಿಸಿದ ಮಶೀನೊಂದು ಗರಗರ ತಿರುಗುತ್ತಿತ್ತು. ಯಾರದೋ ಮನೆಯ ಹಳೇ ದಿಂಬುಗಳನ್ನು ಸೀಳಿ ಅರಳೆಯನ್ನು ಅದರ ಬಾಯಿಗೆ ತುರುಕುತ್ತಿದ್ದ. ವರ್ಷಗಟ್ಟಲೆ ಯಾರ್ಯಾರದೋ ತಲೆ ಹೊತ್ತ ಅರಳೆ... ಕೊಬ್ಬರಿ ಎಣ್ಣೆ, ಬೆವರು, ಧೂಳು ಬೆರೆತ ಮಂಕು ವಾಸನೆ ಲಿಫ್ಟಿನ ಬಾಗಿಲ ತನಕ ಹಬ್ಬಿತ್ತು. ತರಕಾರಿ ಚೀಲ ಹಿಡಿದು ನಿಂತಿದ್ದ ನನಗೆ ಬಾಲಾನಗರದ ಎದುರುಮನೆ ವೈನಿ ನೆನಪಾದರು.

ನಮ್ಮವರಿಗೆ ಬಾಲಾನಗರದ ಸರಕಾರಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕು, ನಾನು ಗದಗದಿಂದ ಬಂದು ಕ್ವಾರ್ಟರ್ಸಿನ ಮೆಟ್ಟಿಲು ಹತ್ತಿದಾಗ ನನಗೆ ತೆಲುಗೂ ಬಾರದು, ಹಿಂದಿಯೂ ಬಾರದು. ಎದುರಿನ ಬಾಗಿಲು ವೈನಿಯದು. ಜಮಖಂಡಿ ಕಡೆಯವರು; ಆ ಕಡೆ ಅತ್ತಿಗೆಯನ್ನು ಕರೆಯುವ ಹಾಗೆ ನಾನೂ ವೈನಿ ಅಂದೆ. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರಾದರೂ ಮೊದಲ ದಿನವೇ ನನ್ನ ಕೈಹಿಡಿದು ಸಂತೆಗೆ ಕರೆದುಕೊಂಡು ಹೋದರು. ತರಕಾರಿಯವಳೊಂದಿಗೆ ತೆಲುಗಿನಲ್ಲಿ ಜಗಳ ತೆಗೆದು, ಜಗಳದ ನಡುವೆಯೇ ನಗುತ್ತ ಕೊತ್ತಂಬರಿ ಕಿತ್ತುಕೊಂಡು, ನನ್ನ ಕಡೆ ತಿರುಗಿ, "ಮೊದಲ ಬೈಯೂದು ಕಲಿ, ಆಮ್ಯಾಲ ಕೊಳ್ಳೂದು" ಅಂದಿದ್ದರು. ಅವರ ನಗು ಕೆಳಗಿನ ಮನೆಯವರೆಗೂ ಕೇಳುತ್ತಿತ್ತು.

ಅವರಿಗೆ ಒಬ್ಬಳೇ ಮಗಳು. ಡಿಗ್ರಿ ಓದುತ್ತಿದ್ದಳು. ಸಂಜೆ ಕಾಲೇಜಿನಿಂದ ಬಂದವಳು ತನ್ನ ಮನೆಗಿಂತ ಮೊದಲು ನನ್ನ ಅಡುಗೆಮನೆಗೆ ಬರುತ್ತಿದ್ದಳು. ಕಟ್ಟೆಯ ಮೇಲೆ ಹತ್ತಿ ಕೂತು ಕಾಲಾಡಿಸುತ್ತ, ಬಸ್ಸಿನ ಕಂಡಕ್ಟರು ತೆಲುಗಿನಲ್ಲಿ ಬೈದದ್ದು, ಉರ್ದುವಿನಲ್ಲಿ ಸಮಾಧಾನ ಮಾಡಿದ್ದು ಎಲ್ಲವನ್ನೂ ಅವನ ದನಿಯಲ್ಲೇ ಆಡಿ ತೋರಿಸುತ್ತಿದ್ದಳು.

ವೈನಿಯ ಗಂಡನನ್ನು ಇಡೀ ಕಾಲೊನಿ ಗುರುಗಳು ಅನ್ನುತ್ತಿತ್ತು, ಅರ್ಧ ಗೌರವದಿಂದ, ಅರ್ಧ ತಮಾಷೆಯಿಂದ. ಕಾರ್ಖಾನೆಯಲ್ಲಿ ಉಪಕರಣಗಳ ತಪಾಸಣೆಯ ವಿಭಾಗದಲ್ಲಿದ್ದರು. ಭಾನುವಾರ ಬೆಳಿಗ್ಗೆ ಅಬಿಡ್ಸ್‌ಗೆ ಹೋಗಿ ಫುಟ್‌ಪಾತಿನ ಮೇಲೆ ಹರಡಿಟ್ಟ ಹಳೇ ಪುಸ್ತಕಗಳಲ್ಲಿ ಬುದ್ಧನ ಮೇಲಿನವನ್ನೇ ಹುಡುಕಿ ತರುತ್ತಿದ್ದರು. ಊರಾಚೆಯ ಯಾವುದೋ ಧ್ಯಾನ ಶಿಬಿರಕ್ಕೂ ಹೋಗಿ ಬಂದಿದ್ದರು. ಭಾನುವಾರ ಸಂಜೆ ಅವರ ಮನೆಯ ಚಾಪೆಯ ಮೇಲೆ ಏಳೆಂಟು ಜನ ಸೇರುತ್ತಿದ್ದರು. ಹುಸೇನ್ ಸಾಗರದ ನಡುವೆ ನಿಲ್ಲಿಸಲು ಸಾಗಿಸುವಾಗ ಮುಳುಗಿದ ಬುದ್ಧನ ಮೂರ್ತಿ ಇನ್ನೂ ನೀರಿನ ತಳದಲ್ಲೇ ಮಲಗಿದ್ದ ಕಾಲವದು. ಬುದ್ಧ ಕೆರೆಯಲ್ಲಿ ಮುಳುಗಿದ್ದಾನೆ, ಅವನ ಮಾತು ಗುರುಗಳ ಮನೆಯಲ್ಲಿ ತೇಲುತ್ತಿದೆ ಎಂದು ನಮ್ಮವರು ಚೇಷ್ಟೆ ಮಾಡುತ್ತಿದ್ದರು.

ಗುರುಗಳು ಬರೀ ಓದುವವರಲ್ಲ, ಓದಿದ್ದನ್ನು ದಿನದ ಬಾಳಿಗೆ ಹಚ್ಚಿ ನೋಡುವವರು. ಬಡ್ತಿ ಕೈತಪ್ಪಿದಾಗ ಅದೂ ಬಂದು ಹೋಗುವಂಥದ್ದೇ ಎಂದು ಸುಮ್ಮನಾದರು. ಚಹದ ಬಸಿ ಕೈಜಾರಿ ಬಿದ್ದರೆ, "ಒಡೆಯೂ ವಸ್ತು ಒಡೀತು" ಅನ್ನುತ್ತಿದ್ದರು. ವೈನಿ ಚೂರು ಬಳಿಯುತ್ತ ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದರು. "ಒಡೆದದ್ದು ಅವರಿಗೆ ತತ್ವ. ನನಗ ಕಸ."

ಸುಳ್ಳು ಹೇಳಬಾರದು, ಅವರ ಮಾತು ನನಗೂ ಒಮ್ಮೆ ಆಸರೆಯಾಗಿತ್ತು. ನನ್ನ ಮೊದಲ ಬಸಿರು ನಿಲ್ಲದೆ ಹೋದಾಗ, ಊಟ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದ್ದ ನನ್ನ ಬಳಿ ಕೂತು, ಉಸಿರು ಬರುವುದನ್ನೂ ಹೋಗುವುದನ್ನೂ ನೋಡುತ್ತಿರು, ಬೇರೇನೂ ಮಾಡಬೇಡ ಎಂದು ಹೇಳಿಕೊಟ್ಟಿದ್ದರು. ಹಾಗೆ ನೋಡುತ್ತ ನೋಡುತ್ತ ನಾನು ಎದ್ದು ಕೂತೆ. ಅವರು ಕೆಟ್ಟವರಾಗಿದ್ದರೆ ಈ ನೆನಪು ಇಷ್ಟು ಕಹಿಯಾಗುತ್ತಿರಲಿಲ್ಲವೇನೋ...

ಒಂದು ಮಳೆಗಾಲದ ಕೊನೆಗೆ ಆ ಹುಡುಗಿಗೆ ಜ್ವರ ಬಂತು. ಎಲ್ಲರಿಗೂ ಬರುವ ಜ್ವರ ಎಂದುಕೊಂಡೆವು. ಅದು ತಲೆಗೇರಿತು. ಆಸ್ಪತ್ರೆಗೆ ಸೇರಿಸಿದ ಮೇಲೆ ಅವಳು ತಾಯಿಯನ್ನೂ ಗುರುತು ಹಿಡಿಯಲಿಲ್ಲ. ವಾರ ತುಂಬುವುದರೊಳಗೆ ಮುಗಿದುಹೋಯಿತು.

ಗುರುಗಳು ಅಳಲಿಲ್ಲ. ಅವಳನ್ನು ಎತ್ತುವ ಹೊತ್ತಿಗೂ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ದಿನಕರ್ಮ ಬೇಡ ಅಂದರು. ಕೆಳಗಿನ ಮನೆಯ ತೆಲುಗಿನವರು "ಗೊಪ್ಪ ಮನಿಷಿ" ಎಂದು ಕೈಮುಗಿದರು. ಎಂಥ ದೊಡ್ಡ ಮನುಷ್ಯ, ಎಂಥ ಗಟ್ಟಿ ಮನಸ್ಸು ಎಂದು ಮೆಟ್ಟಿಲ ಮೇಲೆಲ್ಲ ಅದೇ ಮಾತು. ವೈನಿ ಏನು ಎಂದು ಯಾರೂ ಕೇಳಲಿಲ್ಲ. ತಾಯಿ ಅಳುವುದು ಹೊಸ ಸುದ್ದಿಯಲ್ಲವಲ್ಲ.

ಮನೆಯ ಸೂತಕ ಕಳೆಯುವ ಮೊದಲೇ ಶಾಮೀರ್‌ಪೇಟೆಯ ಕಡೆಯ ಒಂದು ಅನಾಥ ಮಕ್ಕಳ ಆಶ್ರಮದಿಂದ ವ್ಯಾನು ಬಂತು. ಗುರುಗಳೇ ಹೇಳಿ ತರಿಸಿದ್ದರು. ಮಗಳ ವಸ್ತುಗಳನ್ನೆಲ್ಲ ನಡುಮನೆಗೆ ತಂದಿಟ್ಟು ವೈನಿಯನ್ನು ಕರೆದರು. "ನಿನ್ನ ಕೈಯಿಂದನ ಕೊಡು. ಹಿಡಕೊಂಡಷ್ಟು ಸುಡತೈತಿ. ಬಿಟ್ಟರ ಹಗುರ ಆಗತಿ" ಅಂದರು. ದನಿಯಲ್ಲಿ ಪ್ರೀತಿಯೇ ಇತ್ತು.

ವೈನಿ ಕೊಟ್ಟರು. ಚೂಡಿದಾರ, ಚಪ್ಪಲಿ, ಕಾಲೇಜಿನ ಚೀಲ, ಚಳಿಗಾಲಕ್ಕೆಂದು ತಾವೇ ಹೆಣೆಯುತ್ತಿದ್ದ, ಒಂದು ತೋಳು ಇನ್ನೂ ಬಾಕಿಯಿದ್ದ ಸ್ವೆಟರು... ಒಂದೊಂದನ್ನೇ ವ್ಯಾನಿನವನ ಕೈಗಿಟ್ಟರು. ಹಾಸಿಗೆ ಸುತ್ತಿಕೊಟ್ಟರು. ದಿಂಬು ಮಾತ್ರ ಕೈಯಿಂದ ಇಳಿಯಲಿಲ್ಲ. ಎದೆಗೊತ್ತಿಕೊಂಡು, ಅದರಲ್ಲಿ ಮುಖವಿಟ್ಟು ನಿಂತುಬಿಟ್ಟರು.

"ಇದೊಂದು ಇರಲ್ರಿ," ಅಂದರು. "ಆಕೀ ಕೂದಲ ವಾಸನಿ ಐತಿ. ವಾಸನಿ ಹೋಗೂ ತನಕಾ ಇರಲಿ. ಆಮ್ಯಾಲ ನಾನ ಕೊಡತೀನಿ."

ಗುರುಗಳು ತಲೆ ಅಲ್ಲಾಡಿಸಿದರು. ಇದೇ ಕೊನೆಯ ಗಂಟು, ಇದನ್ನೇ ಬಿಡಿಸಬೇಕು ಎಂದರು. ಹತ್ತಿರ ಬಂದು ವೈನಿಯ ಬೆರಳುಗಳನ್ನು ಒಂದೊಂದಾಗಿ, ಮೆತ್ತಗೆ, ಮುಳ್ಳಿಗೆ ಸಿಕ್ಕ ಸೆರಗು ಬಿಡಿಸುವ ಹಾಗೆ ಬಿಡಿಸಿದರು. ಒರಟುತನವಿದ್ದಿದ್ದರೆ ಬಾಗಿಲಲ್ಲಿ ನಿಂತಿದ್ದ ನೆರೆಯವರಾದ ನಮ್ಮಲ್ಲಿ ಯಾರಾದರೂ ನಡುವೆ ಹೋಗುತ್ತಿದ್ದೆವು. ಆ ಮೆದುತನದ ಎದುರು ಯಾರಿಗೂ ಕಾಲೇಳಲಿಲ್ಲ. ವ್ಯಾನು ಹೋಯಿತು. ವೈನಿ ಖಾಲಿ ಕೈಗಳನ್ನು ನೋಡಿಕೊಳ್ಳುತ್ತ ಎಷ್ಟೋ ಹೊತ್ತು ಅಲ್ಲೇ ಕೂತಿದ್ದರು.

ಮುಂದಿನ ತಿಂಗಳು ಭಾನುವಾರದ ಸಭೆ ಮತ್ತೆ ಶುರುವಾಯಿತು. ಚಹ ಮಾಡಲು ವೈನಿಗೆ ಜೊತೆಯಾಗಿ ನಾನೂ ಹೋಗಿದ್ದೆ. ಗುರುಗಳು ಸಾಸಿವೆಯ ಕತೆ ಹೇಳುತ್ತಿದ್ದರು. ಸತ್ತ ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಬುದ್ಧ, ಸಾವು ಕಾಣದ ಮನೆಯಿಂದ ಒಂದು ಹಿಡಿ ಸಾಸಿವೆ ತಾ ಎನ್ನುತ್ತಾನೆ. ಅವಳು ಮನೆ ಮನೆ ಅಲೆದು, ಅಂಥ ಮನೆಯೇ ಇಲ್ಲವೆಂದು ತಿಳಿದು, ಮಗುವನ್ನು ಮಣ್ಣು ಮಾಡುತ್ತಾಳೆ. ಎಲ್ಲರಿಗೂ ಗೊತ್ತಿದ್ದ ಕತೆ. ವೈನಿ ಟ್ರೇ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದರು.

"ಸಾಸಿವಿ ಬೇಡಾಕ ಹೋದಾಗ ಕೂಸು ಆಕೀ ಬಗಲಾಗ ಇತ್ತಲ್ರಿ?" ಅಂದರು. ದನಿ ಏರಿರಲಿಲ್ಲ. "ಊರೆಲ್ಲಾ ತಿರುಗಿ, ದಣಿದು, ಆಕೀನ ಕೂಸನ್ನ ಇಳಿಸೂ ತನಕಾ ಬುದ್ಧ ಕಾದ. ಕೈಯಾಗಿಂದ ಕಸಗೊಳ್ಳಲಿಲ್ಲ. ನನಗ ಅಷ್ಟು ಪುರಸೊತ್ತು ಯಾರು ಕೊಟ್ರಿ?"

ಗುರುಗಳು ಚಾಪೆಯ ಮೇಲೆ ಕೂತವರಿಗೆ, ದುಃಖ ಹೀಗೆ ಮಾತಾಡಿಸುತ್ತದೆ, ಇದನ್ನೂ ಸುಮ್ಮನೆ ನೋಡಬೇಕು ಎಂದು ತಿಳಿಸಿ ಹೇಳಿದರು. ಎಲ್ಲರೂ ತಲೆದೂಗಿದರು. ಚಹ ಕುಡಿದರು.

ಆಮೇಲಿನ ವೈನಿ ಬೇರೆಯವರೇ ಆದರು. ಹಾಲು ಉಕ್ಕಿದರೆ ಒಲೆ ಆರಿಸುತ್ತಿರಲಿಲ್ಲ. ಬಾಲ್ಕನಿಯ ತುಳಸಿ ಒಣಗಿತು. ನಾನು ನೀರು ಹಾಕಲು ಹೋದರೆ, "ಬಿಡು, ಅದೂ ಹೋಗೂದ" ಅನ್ನುತ್ತಿದ್ದರು. ಸಂತೆಯಲ್ಲಿ ಜಗಳವಿಲ್ಲ, ಕೊಟ್ಟದ್ದನ್ನು ಚೀಲಕ್ಕೆ ಹಾಕಿಸಿಕೊಂಡು ಬರುತ್ತಿದ್ದರು. ಗಂಡ ಕಲಿಸಿದ್ದನ್ನು ಅವರು ಅಕ್ಷರಶಃ ಕಲಿತಿದ್ದರು. ನೋಡಲಿಕ್ಕೆ ಭಯವಾಗುತ್ತಿತ್ತು.

ಒಂದು ಮಧ್ಯಾಹ್ನ ರದ್ದಿಯವನನ್ನು ಮೇಲೆ ಕರೆದರು. ಗುರುಗಳ ಕಪಾಟಿನ ಪುಸ್ತಕಗಳನ್ನೆಲ್ಲ ತೋಳು ತುಂಬ ಎತ್ತಿ ತಂದು ಅವನ ಗೋಣಿಗೆ ಸುರಿದರು. ಅಬಿಡ್ಸ್‌ನ ಎಷ್ಟೋ ಭಾನುವಾರಗಳು ಆ ಗೋಣಿಯಲ್ಲಿ ಇಳಿದುಹೋದವು. ಬಾಗಿಲಲ್ಲಿ ನಿಂತ ನಾನು, ಅವರನ್ನ ಒಂದು ಮಾತು ಕೇಳಬಾರದೇ ಎಂದೆ. ವೈನಿ ಸೆರಗಿನಿಂದ ಕೈಯ ಧೂಳು ಒರೆಸಿಕೊಂಡರು. "ಹಿಡಕೊಂಡಷ್ಟು ಸುಡತೈತಂತ."

ಸಂಜೆ ಕಾರ್ಖಾನೆಯ ಸೈರನ್ನು ಕೂಗಿತು, ಗುರುಗಳು ಮನೆಗೆ ಬಂದರು. ಸ್ವಲ್ಪ ಹೊತ್ತಿಗೆ ಇಡೀ ಬ್ಲಾಕಿಗೆ ಕೇಳುವ ಹಾಗೆ ಅವರ ದನಿ ಎದ್ದಿತು. ಅಂಥ ಬೈಗುಳ ಆ ಬಾಯಲ್ಲಿ ಯಾರೂ ಕೇಳಿರಲಿಲ್ಲ. ನಾನು ಓಡಿದೆ. ಖಾಲಿ ಕಪಾಟಿಗೆ ಹಣೆ ಬಡಿದುಕೊಳ್ಳುತ್ತಿದ್ದರು. ಬೈಗುಳ ಬರಬರುತ್ತ ಮಾತಾಗದೆ, ಬರೀ ಕೂಗಾಗಿ, ಕೊನೆಗೆ ಆ ಕೂಗಿನಲ್ಲಿ ಮಗಳ ಹೆಸರು ಬಂತು. ಅದೇ ಹೆಸರನ್ನು ಹಿಡಿದು ನೆಲಕ್ಕೆ ಕುಸಿದರು. ನಮ್ಮವರು ಬಂದು ಹಿಡಿದುಕೊಂಡರು. ವೈನಿ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ಮೊರದಿಂದ ಕಣ್ಣೆತ್ತಲಿಲ್ಲ.

ಬಹಳ ದಿನದ ಮೇಲೆ ತಾವಾಗಿಯೇ ನನಗೆ ಹೇಳಿದರು. "ಅವರು ಅತ್ತದ್ದು ಪುಸ್ತಕಕ್ಕಲ್ಲಂತ ನನಗ ಗೊತ್ತಾಗಿತ್ತವ್ವಾ. ಎದ್ದು ಹೋಗಿ ತಲಿ ಹಿಡೀಬೇಕಿತ್ತು. ಕರುಣಾ ಬರಲಿಲ್ಲ. ಏನ್ ಮಾಡ್ಲಿ?"

ಆಮೇಲಿನ ಭಾನುವಾರ ಗುರುಗಳು ಅಬಿಡ್ಸ್‌ಗೆ ಹೋಗಲಿಲ್ಲ. ಬಸ್ಸು ಬದಲಿಸಿ ಆಶ್ರಮಕ್ಕೆ ಹೋದರು. ಬಿಸಿಲೇರಿದ ಹೊತ್ತಿಗೆ ಪೇಪರಿನಲ್ಲಿ ಸುತ್ತಿದ ಒಂದು ದಿಂಬನ್ನು ತಬ್ಬಿಕೊಂಡು ಮೆಟ್ಟಿಲು ಹತ್ತಿ ಬಂದರು. ಬಂದವರೇ ವೈನಿಯ ಮುಂದೆ ಇಟ್ಟು, ನಿಂತೇ ಎಲ್ಲ ಹೇಳಿದರು. ಆಶ್ರಮದವರು ದಾನ ಬಂದ ಹಾಸಿಗೆ ದಿಂಬುಗಳನ್ನೆಲ್ಲ ಒಡೆದು, ಅರಳೆಯನ್ನು ಒಟ್ಟಿಗೆ ಪಿಂಜಿಸಿ, ಹೊಸ ಗಲೀಫಿನಲ್ಲಿ ತುಂಬಿಸಿಬಿಟ್ಟಿದ್ದರಂತೆ. ಯಾವುದರಲ್ಲಿ ಯಾವುದು ಸೇರಿತೋ ಹೇಳುವವರಿಲ್ಲ. ಇವರು ಮಕ್ಕಳ ಸಾಲುಹಾಸಿಗೆಗಳ ನಡುವೆ ಓಡಾಡಿ, ಒಂದೊಂದನ್ನೂ ಮೂಸಿ ನೋಡಿ, ಇದೇ ಇರಬಹುದೆಂದು ಒಂದನ್ನು ಬೇಡಿ ತಂದಿದ್ದರು.

ವೈನಿ ಪೇಪರು ಬಿಡಿಸಿದರು. ಮೂಗಿನ ಹತ್ತಿರ ತಂದರು. ಗಲೀಫಿನ ಮೇಲೆ ಜೊಲ್ಲಿನ ಕಲೆಯಿತ್ತು, ಮೂಲೆಯಲ್ಲಿ ಯಾರೋ ಪೆನ್ನಿನಿಂದ ಬಿಡಿಸಿದ ಒಂದು ಬೆಕ್ಕು. ಅದನ್ನು ಸ್ವಲ್ಪ ಹೊತ್ತು ನೋಡಿ ಮತ್ತೆ ಪೇಪರು ಸುತ್ತಿದರು.

"ಇದು ಯಾವುದೋ ಕೂಸಿಂದು. ಇವತ್ತ ಮಲಗಾಕ ಅದರ ತಲಿಗೇನೈತಿ? ಹೊಳ್ಳಿ ಕೊಟ್ಟ ಬರ್ರಿ."

ಗುರುಗಳು ಇನ್ನೂ ನೀರು ಕುಡಿದಿರಲಿಲ್ಲ. ದಿಂಬು ತೆಗೆದುಕೊಂಡು ಹಾಗೇ ಇಳಿದುಹೋದರು. ಅವರು ರಸ್ತೆಯ ತಿರುವಿನಲ್ಲಿ ಮರೆಯಾಗುವ ತನಕ ವೈನಿ ಬಾಲ್ಕನಿಯಲ್ಲಿ ನಿಂತಿದ್ದರು. ಅಷ್ಟು ವರ್ಷ ಆ ಮನೆಯಲ್ಲಿ ಬುದ್ಧನ ಮಾತು ಕೇಳಿದ್ದೆ. ಆ ದಿನ ಯಾರೂ ಅವನ ಹೆಸರೆತ್ತಲಿಲ್ಲ.

ಇದರಿಂದ ಅವರಿಬ್ಬರೂ ಒಂದಾದರು ಎಂದು ಬರೆಯಲು ನನಗೂ ಆಸೆ. ಆಗಲಿಲ್ಲ. ಸ್ಟೇಷನ್ನಿನ ವೇಟಿಂಗ್ ರೂಮಿನಲ್ಲಿ ಬೇರೆ ಬೇರೆ ಗಾಡಿಗೆ ಕಾಯುವವರ ಹಾಗೆ ಬಾಳಿದರು. ಊಟಕ್ಕೆ ಬರ್ರಿ, ಗುಳಿಗಿ ತಗೊಂಡ್ರೇನು, ಇಷ್ಟೇ ಮಾತು. ಸಭೆ ನಿಂತಿತು, ಗುರುಗಳು ಎಂದು ಕರೆಯುವವರೂ ಕಡಿಮೆಯಾದರು. ರಿಟೈರಾದ ಮೇಲೆ ಹತ್ತಿರದಲ್ಲೇ ಬಾಡಿಗೆ ಮನೆ ಹಿಡಿದರು. ಅಲ್ಲೇ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಗುರುಗಳು ಏಳಲಿಲ್ಲ. ವೈನಿ ಎಲ್ಲ ದಿನಕರ್ಮ ಮಾಡಿಸಿದರು. ಅವರ ಚಪ್ಪಲಿ ವರ್ಷದ ತನಕ ಬಾಗಿಲಲ್ಲೇ ಇತ್ತು, ಕನ್ನಡಕ ಕಿಟಕಿಯಲ್ಲೇ ಇತ್ತು. ಯಾರಾದರೂ ಕೇಳಿದರೆ, ಅವಸರ ಏನೈತಿ ಅನ್ನುತ್ತಿದ್ದರು.

ಆಮೇಲೆ ತಂಗಿಯ ಜೊತೆ ಇರಲು ಜಮಖಂಡಿಗೆ ಹೊರಟರು. ಕಳಿಸಲು ನಾನು ಇಮ್ಲಿಬನ್ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಮೂಸಿ ನದಿಯ ನಾತ ಪ್ಲಾಟ್‌ಫಾರಂ ತನಕ ಬರುತ್ತಿತ್ತು. ಕಿಟಕಿಯ ಸೀಟಿನಲ್ಲಿ ಕೂತವರನ್ನು, ಎಷ್ಟೋ ವರ್ಷ ಬಾಯಲ್ಲೇ ಇಟ್ಟುಕೊಂಡಿದ್ದ ಮಾತನ್ನು ಕೇಳಿಬಿಟ್ಟೆ. ಈಗಲಾದರೂ ಸಂಕಟ ಕಡಿಮೆಯಾಗಿದೆಯೇ ವೈನಿ?

"ಆಗೇತಿ," ಅಂದರು. "ಅದ ಸಿಟ್ಟು ನನಗ."

ಡ್ರೈವರು ಹತ್ತಿ ಕೂತ. ವೈನಿ ಕಿಟಕಿಯ ಸರಳು ಹಿಡಿದು ಬಗ್ಗಿದರು. "ತಾನ ಹೋಗೂದಿತ್ತು, ನೋಡು. ಯಾರೂ ಕಲಿಸಬೇಕಾಗಿರಲಿಲ್ಲ. ಈಗ ಒಮ್ಮೊಮ್ಮೆ ಆಕೀ ಮುಖಾನ ಲಗೂ ನೆನಪಾಗಂಗಿಲ್ಲ. ಅವರು ಯಾಕ ಗಡಬಡಿ ಮಾಡಿದ್ರು?"

ಬಸ್ಸು ಹೊರಟಿತು. ಕೆಲವು ದೀಪಾವಳಿಗಳಿಗೆ ಫೋನು ಬಂತು, ಆಮೇಲೆ ಬರಲಿಲ್ಲ. ಅವರು ತೀರಿಕೊಂಡ ಸುದ್ದಿ ಯಾರ ಬಾಯಿಂದಲೋ ನನಗೆ ಮುಟ್ಟುವ ಹೊತ್ತಿಗೆ ಅಲ್ಲಿ ಎಲ್ಲ ಮುಗಿದಿತ್ತು. ತಂಗಿಯೂ ಈಗಿಲ್ಲ.

ಈ ಅಪಾರ್ಟ್‌ಮೆಂಟಿನವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಪ್ರತಿ ಬೆಳಿಗ್ಗೆ ಕಮಲದ ಮೇಲೆ ಕೂತ ಬುದ್ಧನ ಚಿತ್ರ ಕಳಿಸುತ್ತಾರೆ, ಬಿಟ್ಟುಬಿಡಿ, ಹಗುರಾಗಿ ಎಂದು. ನಾನು ಫೋನು ಬೋರಲು ಹಾಕುತ್ತೇನೆ. ಕ್ವಾರ್ಟರ್ಸಿನವರೆಲ್ಲ ಚೆದುರಿ ಹೋದರು. ನಮ್ಮವರಿಗೆ ಆ ಹುಡುಗಿ ಸರಿಯಾಗಿ ನೆನಪಿಲ್ಲ. ಅವಳನ್ನು ಎತ್ತಿ ಆಡಿಸಿದವರು, ಅವಳಿಗಾಗಿ ಜಗಳಾಡಿದವರು ಇಬ್ಬರೂ ಹೋದ ಮೇಲೆ ಅವಳನ್ನು ನೆನಪಿಟ್ಟವಳೆಂದು ಉಳಿದಿರುವವಳು ನಾನೊಬ್ಬಳೇ ಇರಬೇಕು.

ಅವಳಿಗೆ ಕೆನ್ನೆಯ ಮೇಲೆ ಒಂದು ಮಚ್ಚೆ ಇತ್ತು. ನಕ್ಕಾಗ ಅದು ಗುಳಿಯೊಳಗೆ ಇಳಿಯುತ್ತಿತ್ತು. ಎಡಗೆನ್ನೆಯೋ, ಬಲಗೆನ್ನೆಯೋ... ವಾರದಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ಕೇಳೋಣವೆಂದರೆ ಯಾರೂ ಇಲ್ಲ.