ಗೋಬರ್ ಗ್ಯಾಸ್ ಮೇಸ್ತ್ರಿ ಬಡಿದ ರೊಟ್ಟಿ

ಕಮಲಾಪುರದ ನಮ್ಮ ಮನೆಯ ಹಿತ್ತಲಲ್ಲಿ ಗೋಬರ್ ಗ್ಯಾಸ್ ತೊಟ್ಟಿ ಕಟ್ಟಿದ ಮೇಸ್ತ್ರಿ ಕಲಬುರಗಿಯವರು. ಸಗಣಿ, ನಮ್ಮ ಮಾತಿನ ಹೆಂಡಿ, ತುಂಬಿಸಿದ ಮೇಲೂ ವಾರಕ್ಕೆರಡು ಸಲ ಬಸ್ಸಿನಲ್ಲಿ ಬಂದು, ತೊಟ್ಟಿಯ ಗುಮ್ಮಟಕ್ಕೆ ಕಿವಿಯಿಟ್ಟು, "ಸಬರ್ ಮಾಡ್ರಿ, ಇನ್ನೊಂದಿಷ್ಟು ತಾಳ್ರಿ, ಒಳಗ ಕೆಲಸ ನಡದದ" ಅನ್ನುತ್ತಿದ್ದರು. ತೊಗರಿ ಕಟ್ಟಿಗೆ, ಸಗಣಿ ಕುಳ್ಳಿನ ಹೊಗೆಗೆ ಕೆಮ್ಮಿ ಸಾಕಾಗಿದ್ದ ಅವ್ವ ಅದನ್ನು ಕೇಳಿ ಮತ್ತೆ ಹಳೆಯ ಒಲೆ ಊದಲು ಹೋಗುತ್ತಿದ್ದಳು.

ಕೊನೆಗೊಂದು ಮಧ್ಯಾಹ್ನ ಒಲೆಯಲ್ಲಿ ನೀಲಿ ಉರಿ ಎದ್ದಿತು. ಆದರೆ ಅಜ್ಜಿ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ.

"ಹೆಂಡಿ ಗ್ಯಾಸಿನ ಮ್ಯಾಲ ಬೇಯಿಸಿದ್ದು ನಾ ತಿನ್ನಂಗಿಲ್ಲ. ಈ ಮನ್ಯಾಗ ಯಾರೂ ತಿನ್ನಂಗಿಲ್ಲ."

"ಇಷ್ಟು ವರ್ಷ ಕುಳ್ಳಿನ ಮ್ಯಾಲ ಬೇಯಿಸಿದ್ದು ತಿಂದೀರಲ್ರೀ, ಆಯಿ?" ಎಂದರು ಮೇಸ್ತ್ರಿ.

"ಅದು ಬೆಂಕಿ. ಇದು ವಾಸನಿ."

ಮೇಸ್ತ್ರಿ ಕೈ ತೊಳೆದು ಬಂದು, ಅವ್ವ ನಾದಿಟ್ಟಿದ್ದ ಜೋಳದ ಹಿಟ್ಟಿನಲ್ಲಿ ತಾವೇ ರೊಟ್ಟಿ ಬಡಿಯಲು ಕುಳಿತರು. ಅಂಚು ಒಡೆಯಿತು, ನಡುವೆ ತೂತು ಬಿತ್ತು. ಅದನ್ನೇ ಬೇಯಿಸಿ, ಎಲ್ಲರೆದುರು ಪಲ್ಯವಿಲ್ಲದೆ ತಿನ್ನತೊಡಗಿದರು.

ಅಜ್ಜಿಗೆ ತಡೆಯಲಾಗಲಿಲ್ಲ. "ಹಿಟ್ಟು ಹಾಳ ಮಾಡಬ್ಯಾಡೋ ತಮ್ಮಾ, ಏಳು" ಎನ್ನುತ್ತ ಒಳಗೆ ಬಂದು ಒಲೆಯ ಮುಂದೆ ಕುಳಿತಳು. ಮೊದಲ ರೊಟ್ಟಿಯನ್ನು ಮೇಸ್ತ್ರಿಯ ತಾಟಿಗೆ ಹಾಕಿದಳು. ಎರಡನೆಯದು ಉಬ್ಬಿ ಬಂದಾಗ ಒಂದು ಚೂರು ಮುರಿದು ತನ್ನ ಬಾಯಿಗಿಟ್ಟುಕೊಂಡಳು.